ಬಿಗ್ ಸರ್ ಮ್ಯಾರಥಾನ್: ಏರಿಗಿಂತ ಇಳಿಜಾರಿಗೆ ಹೆಚ್ಚು ಸಿದ್ಧರಾಗಿ

ಕ್ಯಾಲಿಫೋರ್ನಿಯಾದಲ್ಲಿ 1986ರಲ್ಲಿ ಆರಂಭವಾದ ಬಿಗ್ ಸರ್ ಮ್ಯಾರಥಾನ್ ಏಪ್ರಿಲ್ ಕೊನೆಯಲ್ಲಿ ನಡೆಯುತ್ತದೆ. ರೆಡ್‌ವುಡ್ ಮರಗಳ ನಡುವಿನಿಂದ ಹೊರಡುವ ಈ ಓಟವು ಪೆಸಿಫಿಕ್ ಸಾಗರವನ್ನು ಎಡಕ್ಕಿಟ್ಟುಕೊಂಡು ಹೆದ್ದಾರಿ 1ರಲ್ಲಿ ಉತ್ತರಕ್ಕೆ ಸಾಗಿ, ಕಾರ್ಮೆಲ್ ಎಂಬ ಪುಟ್ಟ ಊರಿನ ಅಂಚಿನಲ್ಲಿ ಮುಗಿಯುತ್ತದೆ. ಸಮತಟ್ಟಾದ ನಗರದ ರಸ್ತೆಯಲ್ಲಿ ಗಳಿಸಿದ ಸಮಯವನ್ನು ಇಲ್ಲಿ ಮುರಿಯಲು ಹೊರಡಬಾರದು.

ಏರುವ ಅಭ್ಯಾಸವನ್ನು ಎಲ್ಲರೂ ಮಾಡುತ್ತಾರೆ, ಇಳಿಯುವ ಅಭ್ಯಾಸ ಮಾಡುವವರು ಕಡಿಮೆ. ಆದರೆ ಇಂಥ ದಾರಿಯಲ್ಲಿ ಕಾಲು ಸೋಲುವುದು ಹೆಚ್ಚಾಗಿ ಇಳಿಜಾರಿನಿಂದಲೇ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯುಗಳು ಹಿಗ್ಗುತ್ತಲೇ ದೇಹದ ಭಾರವನ್ನು ತಡೆಹಿಡಿಯಬೇಕಾಗುವುದರಿಂದ ಅವುಗಳ ಎಳೆಗಳಿಗೆ ಸೂಕ್ಷ್ಮವಾದ ಪೆಟ್ಟು ಬೀಳುತ್ತದೆ. ಒಮ್ಮೆ ಈ ಪೆಟ್ಟು ತಿಂದು ಚೇತರಿಸಿಕೊಂಡ ಸ್ನಾಯು ಮುಂದಿನ ಕೆಲವು ವಾರಗಳ ಕಾಲ ಅದೇ ಕೆಲಸಕ್ಕೆ ಅಷ್ಟಾಗಿ ನೋಯುವುದಿಲ್ಲ. ಆದ್ದರಿಂದ ಬೆಂಗಳೂರಿನಲ್ಲಿ ಸಿದ್ಧರಾಗುವವರು ನಂದಿಬೆಟ್ಟದ, ಮೈಸೂರಿನವರು ಚಾಮುಂಡಿಬೆಟ್ಟದ ರಸ್ತೆಯನ್ನು ಓಡಿ ಹತ್ತಿದ ಮೇಲೆ ವಾಹನದಲ್ಲಿ ಮರಳದೆ ಓಡಿಯೇ ಇಳಿಯಬೇಕು. ಹೆಜ್ಜೆ ಚಿಕ್ಕದಾಗಿ, ಚುರುಕಾಗಿ ಇರಲಿ. ದೇಹವನ್ನು ಹಿಂದಕ್ಕೆ ವಾಲಿಸಿ ಹಿಮ್ಮಡಿಯಿಂದ ಬ್ರೇಕ್ ಹಾಕಿದರೆ ಮಂಡಿಗೆ ಏಟು. ಕೊನೆಯ ಎರಡು ವಾರ ಕಡಿದಾದ ಇಳಿಜಾರು ಬೇಡ.

ಓಟದ ದಿನ ಬಸ್ಸುಗಳು ನಸುಕಿಗೂ ಮುನ್ನ ಹೊರಡುತ್ತವೆ, ಆರಂಭದ ಜಾಗದಲ್ಲಿ ಚಳಿಯಲ್ಲಿ ಬಹಳ ಹೊತ್ತು ಕಾಯಬೇಕಾಗುತ್ತದೆ. ಬಿಟ್ಟು ಹೋದರೂ ಬೇಸರವಾಗದಂಥ ಹಳೆಯ ಸ್ವೆಟರ್, ಕೈಗವಸು ಮತ್ತು ಅಭ್ಯಾಸವಿರುವ ತಿಂಡಿ ಜೊತೆಗಿರಲಿ.

ಮೊದಲ ಎಂಟು ಕಿಲೋಮೀಟರ್ ಬಹುಪಾಲು ಇಳಿಜಾರು. ಮರಗಳ ನೆರಳು, ತಂಪು, ಹೊಸ ಹುರುಪು ಸೇರಿ ವೇಗ ತಾನಾಗಿ ಏರುತ್ತದೆ. ಇಲ್ಲಿ ಕೈ ಬಿಗಿಹಿಡಿಯದವರು ಮುಂದೆ ಬೆಲೆ ತೆರುತ್ತಾರೆ. ಕಾಡು ಮುಗಿದು ಬಯಲು ತೆರೆದುಕೊಂಡ ಮೇಲೆ ಹೆಚ್ಚಿನ ವರ್ಷಗಳ ಓಟದಲ್ಲಿ ಎದುರುಗಾಳಿ ಬೀಸುತ್ತದೆ, ಆಗ ಒಂಟಿಯಾಗಿ ಸೆಣಸದೆ ಗುಂಪೊಂದರ ಹಿಂದೆ ಸೇರಿಕೊಳ್ಳುವುದು ಜಾಣತನ. ಸುಮಾರು 16ನೆಯ ಕಿಲೋಮೀಟರಿನಲ್ಲಿ ಹರಿಕೇನ್ ಪಾಯಿಂಟ್‌ನ ಏರು ಶುರುವಾಗುತ್ತದೆ. ಮೂರು ಕಿಲೋಮೀಟರಿಗೂ ಮಿಕ್ಕು ಬಿಡುವಿಲ್ಲದೆ ಹತ್ತಿ, ಸಮುದ್ರ ಮಟ್ಟದಿಂದ ಸುಮಾರು 170 ಮೀಟರ್ ಎತ್ತರ ತಲುಪಬೇಕು. ಕೈಗಡಿಯಾರದ ವೇಗವನ್ನು ಇಲ್ಲಿ ನೋಡಲೇಬೇಡಿ. ಒಂದು ಪೂರ್ತಿ ವಾಕ್ಯವನ್ನು ತಡೆಯದೆ ಆಡಲು ಸಾಧ್ಯವಾಗುವಷ್ಟು ಉಸಿರು ಉಳಿದಿದೆಯೇ ಎಂಬುದೊಂದೇ ಅಳತೆಗೋಲಾಗಲಿ.

ಆಚೆಗಿನ ಇಳಿಜಾರು ಅರ್ಧ ದಾರಿಯ ಬಿಕ್ಸ್‌ಬಿ ಸೇತುವೆಗೆ ತಂದು ಬಿಡುತ್ತದೆ. 1932ರಲ್ಲಿ ಕಟ್ಟಿ ಮುಗಿಸಿದ ಈ ಕಮಾನು ಸೇತುವೆಯ ಬಳಿ ಓಟಗಾರರಿಗಾಗಿ ಪಿಯಾನೊ ನುಡಿಸುವ ಸಂಪ್ರದಾಯವಿದೆ. ಅರ್ಧ ನಿಮಿಷ ನಿಂತು ಕೇಳಿ, ಸಮುದ್ರವನ್ನು ಕಣ್ತುಂಬ ನೋಡಿ ಮುಂದೆ ಹೋಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ನಿಜವಾದ ಪರೀಕ್ಷೆ 34ನೆಯ ಕಿಲೋಮೀಟರ್ ಆಸುಪಾಸಿನ ಕಾರ್ಮೆಲ್ ಹೈಲ್ಯಾಂಡ್ಸ್‌ನಲ್ಲಿ. ಅಲ್ಲಿನ ಏರುಗಳು ಚಿಕ್ಕವಾದರೂ ಕಾಲು ದಣಿದಿರುತ್ತದೆ. ತಿರುವುಗಳಲ್ಲಿ ರಸ್ತೆ ಒಂದು ಬದಿಗೆ ವಾಲಿರುವುದರಿಂದ ಕಣಕಾಲು, ಸೊಂಟ ನೋಯತೊಡಗುತ್ತವೆ. ವಾಹನ ಸಂಚಾರವಿಲ್ಲದ ಕಾರಣ, ತಿರುವಿನ ಒಳಅಂಚನ್ನು ಹಿಡಿದು ಕೆಲವು ಮೀಟರ್ ಉಳಿಸುವುದಕ್ಕಿಂತ ಸಮತಟ್ಟಾದ ಭಾಗವನ್ನು ಆರಿಸಿಕೊಳ್ಳುವುದು ಮೇಲು. ಸುಮಾರು 37ನೆಯ ಕಿಲೋಮೀಟರಿನಲ್ಲಿ ಕೊಡುವ ಸ್ಟ್ರಾಬೆರಿಯನ್ನು ಬಿಡಬೇಡಿ. 40ರ ಹೊತ್ತಿಗೆ ಕೊನೆಯ ಏರು ಬರುತ್ತದೆ, ಅದನ್ನು ಬಿರುಸಾಗಿ ನಡೆದು ಹತ್ತಿದರೂ ತಪ್ಪಿಲ್ಲ. ಆರು ಗಂಟೆಗಳ ಕಾಲಮಿತಿಯನ್ನು ಮಾತ್ರ ನೆನಪಿನಲ್ಲಿಟ್ಟುಕೊಳ್ಳಿ.