ಗರಿಷ್ಠ ತಾಪಮಾನ ಬಿಟ್ಟು ಡ್ಯೂ ಪಾಯಿಂಟ್ ಹಿಡಿದೆ: ಪ್ರವಾಸದ ಬಟ್ಟೆ ಪಟ್ಟಿ, ನನ್ನ ಅನುಭವ

ಬಟ್ಟೆ ಪಟ್ಟಿ ಮಾಡುವಾಗ ಎಲ್ಲರೂ ಮೊದಲು ನೋಡುವುದು ಆ ತಿಂಗಳ ಗರಿಷ್ಠ ತಾಪಮಾನ. ಅದನ್ನು ಬದಿಗಿಟ್ಟು ಡ್ಯೂ ಪಾಯಿಂಟ್ ನೋಡಿ ಪಟ್ಟಿ ಮಾಡುತ್ತೇನೆ ಎಂದಾಗ, ಪ್ರವಾಸಿಗರಿಗೆ ಬಟ್ಟೆ ಪಟ್ಟಿ ಮಾಡಿಕೊಡುವ ಇದೇ ಕೆಲಸದಲ್ಲಿರುವವರೂ ನಂಬಲಿಲ್ಲ. ಡ್ಯೂ ಪಾಯಿಂಟ್ ಎಂದರೆ ಗಾಳಿಯಲ್ಲಿರುವ ತೇವ ಇಬ್ಬನಿಯಾಗತೊಡಗುವ ತಾಪಮಾನ; ಅದು ಹೆಚ್ಚಿದ್ದಷ್ಟೂ ಗಾಳಿಯಲ್ಲಿ ತೇವ ಹೆಚ್ಚು. ಸೆಕೆಗೆ ಹತ್ತಿ, ಚಳಿಗೆ ಉಣ್ಣೆ, ಇಷ್ಟಕ್ಕೆ ಇಷ್ಟೊಂದು ಲೆಕ್ಕ ಯಾಕೆ ಎಂದರು. ಈಗ ಏಳು ಕೆಜಿಯ ಕ್ಯಾಬಿನ್ ಬ್ಯಾಗೊಂದರಲ್ಲೇ ಕಡಲತೀರ, ಬೆಟ್ಟ, ನಗರ ಮೂರೂ ಮುಗಿಯುತ್ತಿವೆ. ಲೇಯರಿಂಗಿನ, ಅಂದರೆ ಒಂದರ ಮೇಲೊಂದು ಬಟ್ಟೆ ತೊಡುವ ಪಾಠ ಇಲ್ಲಿ ಬೇಡ, ಅದು ನಿಮಗೆಲ್ಲ ಗೊತ್ತಿರುವುದೇ.

ಜುಲೈನ ಮರಾಕೇಶ್, ಆಗಸ್ಟಿನ ದೋಹಾ, ಎರಡೂ ಕಡೆ ಹಗಲು ನಲವತ್ತು ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ತಾಪಮಾನ ನೋಡಿ ಪಟ್ಟಿ ಮಾಡಿದರೆ ಎರಡಕ್ಕೂ ಒಂದೇ ಬಟ್ಟೆ. ಆದರೆ ಡ್ಯೂ ಪಾಯಿಂಟ್ ಮರಾಕೇಶ್‌ನಲ್ಲಿ ಹದಿನೈದರ ಹತ್ತಿರ, ದೋಹಾದಲ್ಲಿ ಇಪ್ಪತ್ತೈದರ ಹತ್ತಿರ. ಮೊದಲನೆಯ ಕಡೆ ತೆಳು ಹತ್ತಿಯ ಉದ್ದ ತೋಳಿನ ಅಂಗಿ ಬೆವರನ್ನು ಹೀರಿ, ಆರಿ, ಮೈ ತಂಪು ಮಾಡುತ್ತದೆ. ಎರಡನೆಯ ಕಡೆ ಅದೇ ಅಂಗಿ ಬೆನ್ನಿಗೆ ಅಂಟಿಕೊಂಡರೆ ಸಂಜೆಯವರೆಗೆ ಬಿಡುವುದಿಲ್ಲ, ರಾತ್ರಿ ಒಗೆದು ಹಾಕಿದರೂ ಬೆಳಿಗ್ಗೆ ತಣ್ಣಗೇ ಇರುತ್ತದೆ. ಎಷ್ಟು ಜೊತೆ ಬೇಕು ಎಂಬುದನ್ನು ತೀರ್ಮಾನಿಸುವುದು ಬಿಸಿಲಲ್ಲ, ರಾತ್ರಿ ಒಗೆದದ್ದು ಬೆಳಿಗ್ಗೆಗೆ ಆರುತ್ತದೋ ಇಲ್ಲವೋ ಎಂಬುದು.

ನನ್ನ ಲೆಕ್ಕ ಹೀಗೆ. ಡ್ಯೂ ಪಾಯಿಂಟ್ ಹದಿನಾರರ ಕೆಳಗಿದ್ದರೆ ಮೈಮೇಲಿನದ್ದೂ ಸೇರಿ ಮೂರು ಟಾಪ್ ಸಾಕು, ಹತ್ತಿಯೂ ನಡೆಯುತ್ತದೆ. ಹದಿನಾರರಿಂದ ಇಪ್ಪತ್ತೊಂದರವರೆಗೆ ನಾಲ್ಕು, ಅದರಲ್ಲಿ ಕನಿಷ್ಠ ಮೂರು ಪಾಲಿಯೆಸ್ಟರ್ ಇಲ್ಲವೇ 150 ಜಿಎಸ್‌ಎಂ (ಚದರ ಮೀಟರಿಗೆ 150 ಗ್ರಾಂ ತೂಗುವ) ಮೆರಿನೋ, ಅಂದರೆ ನಯವಾದ ತೆಳು ಉಣ್ಣೆ. ಇಪ್ಪತ್ತೊಂದು ದಾಟಿದರೆ ಐದು, ಇಲ್ಲವೇ ಎಸಿ ರೂಮು. ಎಸಿ ಇದ್ದರೆ ಮತ್ತೆ ಮೂರಕ್ಕೆ ಇಳಿಯಬಹುದು, ಏಕೆಂದರೆ ಅದರೊಳಗಿನ ತಣ್ಣನೆಯ ಕೊಳವೆ ಸುರುಳಿ (ಕಾಯಿಲ್) ಗಾಳಿಯ ತೇವವನ್ನು ಹಿಂಡಿ ಹೊರಗೆ ಹಾಕುತ್ತದೆ. ಒಗೆದದ್ದನ್ನು ಬಾತ್‌ರೂಮಿನಲ್ಲಿ ನೇತುಹಾಕುವುದೇ ದೊಡ್ಡ ತಪ್ಪು. ಹೋಟೆಲಿನಲ್ಲಿ ಅತಿ ತೇವದ ಜಾಗ ಅದೇ. ಒಣ ಟವೆಲ್ ಮೇಲೆ ಅಂಗಿ ಹರಡಿ, ಎರಡನ್ನೂ ಸೇರಿಸಿ ಸುರುಳಿ ಸುತ್ತಿ, ಮೊಣಕಾಲಿನಿಂದ ಒತ್ತಿ ತಿರುಚಿ, ಆಮೇಲೆ ಎಸಿ ಗಾಳಿಗೆ ಹಾಕಿ. ಹಾಗೆ ಮಾಡಿದರೆ ಪಾಲಿಯೆಸ್ಟರ್ ಮೂರು ನಾಲ್ಕು ಗಂಟೆ, ಮೆರಿನೋ ಆರೇಳು ಗಂಟೆ. ಹತ್ತಿಗೆ ಇಡೀ ರಾತ್ರಿ ಬೇಕು. ಜೀನ್ಸ್ ಮರುದಿನವೂ ಆರಿರುವುದಿಲ್ಲ, ಮೇಲಾಗಿ ಸುಮಾರು ಏಳುನೂರು ಗ್ರಾಂ ತೂಗುತ್ತದೆ. ಅಷ್ಟು ತೂಕದಲ್ಲಿ ಎರಡು ನೈಲಾನ್ ಪ್ಯಾಂಟು ಬರುತ್ತವೆ.

ಹಣ ವ್ಯರ್ಥವಾಗುವುದು ಹೆಚ್ಚಾಗಿ ಮಳೆ ಜಾಕೆಟ್ಟಿನಲ್ಲಿ. ಇಪ್ಪತ್ತು ಸಾವಿರ ಮಿಲಿಮೀಟರ್ ರೇಟಿಂಗಿನ (ಅಷ್ಟು ಎತ್ತರದ ನೀರಿನ ಒತ್ತಡ ತಡೆಯುವ) ಮೆಂಬ್ರೇನ್ ಜಾಕೆಟ್ಟಿಗೆ, ಅಂದರೆ ನೀರು ತಡೆದು ಬೆವರಿನ ಆವಿ ಹೊರಬಿಡುವ ತೆಳು ಪೊರೆ ಇರುವುದಕ್ಕೆ, ಸಾಧಾರಣ ಜಾಕೆಟ್ಟಿನ ಮೂರು ನಾಲ್ಕು ಪಟ್ಟು ಕೊಟ್ಟು, ಅದನ್ನು ಹಾಕಿಕೊಂಡು ಉಷ್ಣವಲಯದ ಮಳೆಗೆ ಹೋಗುತ್ತಾರೆ. ಮೆಂಬ್ರೇನ್ ಕೆಲಸ ಮಾಡುವುದು ಒಳಗಿನ ಆವಿಯ ಒತ್ತಡ ಹೊರಗಿನದಕ್ಕಿಂತ ಹೆಚ್ಚಿದ್ದಾಗ. ವರ್ಷವಿಡೀ ಡ್ಯೂ ಪಾಯಿಂಟ್ ಇಪ್ಪತ್ನಾಲ್ಕರ ಹತ್ತಿರ ಇರುವ ಸಿಂಗಾಪುರದಂಥ ಊರಿನಲ್ಲಿ ಆ ವ್ಯತ್ಯಾಸ ತೀರಾ ಕಡಿಮೆ. ಮಳೆ ಒಳಗೆ ಬರದಿದ್ದರೂ ಬೆವರಿನಲ್ಲೇ ತೊಯ್ಯುತ್ತೀರಿ. ಅಲ್ಲಿಗೆ ಕೊಡೆ, ಹೆಚ್ಚೆಂದರೆ ಕೆಳಗೆ ತೆರೆದಿರುವ ಪಾಂಚೋ. ಬೆಟ್ಟಕ್ಕೆ ಜಾಕೆಟ್ ಬೇಕೇ ಬೇಕು, ಆದರೆ ರೇಟಿಂಗಿಗಿಂತ ಕಂಕುಳ ಜಿಪ್ ಇದೆಯೇ ಎಂದು ನೋಡಿ. ಹತ್ತು ಸಾವಿರ ಮಿಲಿಮೀಟರ್ ರೇಟಿಂಗಿನದು, ಜಿಪ್ ಇರುವುದು, ಮುನ್ನೂರು ಗ್ರಾಂ ಒಳಗಿನದು: ನನ್ನ ಪಟ್ಟಿಯಲ್ಲಿ ಇದಕ್ಕಿಂತ ದುಬಾರಿ ಜಾಕೆಟ್ ಇಲ್ಲ. ಉಳಿದ ಹಣ ಮೆರಿನೋಗೆ ಹೋಗುತ್ತದೆ. ಒಂದು ಮೆರಿನೋ ಟೀಶರ್ಟಿನ ಬೆಲೆಗೆ ನಾಲ್ಕೈದು ಪಾಲಿಯೆಸ್ಟರ್ ಬರುತ್ತವೆ, ನಿಜ. ಆದರೆ ಪಾಲಿಯೆಸ್ಟರ್ ಒಂದು ದಿನಕ್ಕೇ ನಾರುತ್ತದೆ, ಮೆರಿನೋ ಮೂರು ದಿನ ತಡೆಯುತ್ತದೆ. ಮೆರಿನೋದ ಶತ್ರು ಬ್ಯಾಗಿನ ಭುಜಪಟ್ಟಿ: ಭುಜದ ಹತ್ತಿರ ಉಜ್ಜಿ ಉಜ್ಜಿ ತೂತು ಬೀಳುತ್ತದೆ. ಭಾರದ ಬ್ಯಾಗ್ ಹೊರುವ ದಿನ ಪಾಲಿಯೆಸ್ಟರ್, ಊರು ಸುತ್ತುವ ದಿನ ಮೆರಿನೋ.

ಚಳಿ ಜಾಗಕ್ಕೂ ಇದೇ ಅಂಕಿ, ಆದರೆ ನೋಡುವ ಬಗೆ ಬೇರೆ. ತಾಪಮಾನಕ್ಕೂ ಡ್ಯೂ ಪಾಯಿಂಟಿಗೂ ಇರುವ ಅಂತರ ನೋಡಬೇಕು. ಅಂತರ ಹತ್ತು ಡಿಗ್ರಿಯಿದ್ದರೆ ಒಣ ಚಳಿ, ಡೌನ್ (ಹಕ್ಕಿಯ ಮೃದು ಪುಕ್ಕ ತುಂಬಿದ) ಜಾಕೆಟ್ ಹಾಕಿ. ಎರಡು ಮೂರು ಡಿಗ್ರಿಯೇ ಇದ್ದು ತಾಪಮಾನ ಸೊನ್ನೆಯಿಂದ ಎಂಟರ ನಡುವೆ ಇದ್ದರೆ ಮಂಜು, ಜಿನುಗು ಮಳೆ. ಅಲ್ಲಿ ಡೌನ್ ತೇವ ಹಿಡಿದು ಮುದ್ದೆಯಾಗುತ್ತದೆ, ಬೆಚ್ಚಗೆ ಇಡುವುದಿಲ್ಲ. ಸಿಂಥೆಟಿಕ್ ನಾರು ತುಂಬಿದ ಜಾಕೆಟ್ಟೋ ದಪ್ಪ ಫ್ಲೀಸೋ (ಜುಂಗು ಎದ್ದ ಪಾಲಿಯೆಸ್ಟರ್ ಬಟ್ಟೆ) ಒಯ್ಯಬೇಕು. ಮುನ್ಸೂಚನೆ ಕಣಿವೆಯ ಊರಿನದಾಗಿದ್ದರೆ ಪ್ರತಿ ಸಾವಿರ ಮೀಟರ್ ಏರಿಕೆಗೆ ಸುಮಾರು 6.5 ಡಿಗ್ರಿ ಕಳೆಯಿರಿ.

ಬಣ್ಣದ ಮೇಲೂ ಸ್ವಲ್ಪ ಪ್ರಯೋಗ ನಡೆಸಿದ್ದೇನೆ. ಬಿಸಿಲಿಗೆ ಬಿಳಿ ಎಂಬ ಮಾತು ಬಿಗಿ ಬಟ್ಟೆಗೆ ಸರಿ, ಅಳ್ಳಕ ಬಟ್ಟೆಗೆ ಅಷ್ಟಾಗಿ ಅಲ್ಲ. ಮರುಭೂಮಿಯ ಬೆದೂಯಿನ್ನರ ಕಪ್ಪು ನಿಲುವಂಗಿಯ ಬಗ್ಗೆ 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೂ ಇದನ್ನೇ ಹೇಳಿತ್ತು: ಕಪ್ಪು ಹೀರುವ ಹೆಚ್ಚಿನ ಶಾಖ ಬಟ್ಟೆಯ ಒಳಗೆ ಆಡುವ ಗಾಳಿಯಲ್ಲಿ ಹೋಗಿಬಿಡುತ್ತದೆ, ಚರ್ಮದವರೆಗೆ ಬರುವುದಿಲ್ಲ. ಹಾಗಾಗಿ ಸೆಕೆಗೆ ನಾನು ಬಣ್ಣಕ್ಕಿಂತ ಒಂದು ಸೈಜ್ ದೊಡ್ಡದನ್ನು ಹೇಳುತ್ತೇನೆ. ಬೆವರಿನ ಕಲೆ ಎದ್ದು ಕಾಣುವುದು ಬೂದು ಬಣ್ಣದಲ್ಲಿ. ಕಡು ನೀಲಿ ಅದನ್ನು ಮುಚ್ಚುತ್ತದೆ, ಆದರೆ ಆಫ್ರಿಕಾದ ಸಫಾರಿಗೆ ಕಡು ನೀಲಿ, ಕಪ್ಪು ಎರಡೂ ಬೇಡ. ಆ ಬಣ್ಣಗಳಿಗೆ ರಕ್ತ ಹೀರುವ ತ್ಸೆತ್ಸೆ ನೊಣ ಮುತ್ತುತ್ತದೆ, ಅದನ್ನು ಹಿಡಿಯುವ ಬಲೆಗಳನ್ನೂ ಅದೇ ಬಣ್ಣದ ಬಟ್ಟೆಯಲ್ಲಿ ಮಾಡುತ್ತಾರೆ. ಬಾರ್ಬಡೋಸ್, ಜಮೈಕಾಗಳಲ್ಲಿ ನಾಗರಿಕರು ಸೇನೆಯ ಕ್ಯಾಮಫ್ಲಾಜ್ ತೊಡುವುದು ಕಾನೂನುಬಾಹಿರ, ಮಕ್ಕಳ ಚಡ್ಡಿಗೂ ವಿನಾಯಿತಿ ಇದೆ ಎಂದುಕೊಳ್ಳಬೇಡಿ. ವ್ಯಾಟಿಕನ್‌ನ ಸೇಂಟ್ ಪೀಟರ್ಸ್ ಚರ್ಚ್, ಕಾಂಬೋಡಿಯಾದ ಅಂಗ್ಕೋರ್ ವಾಟ್ ದೇಗುಲ ಎರಡೂ ಕಡೆ ಭುಜ, ಮೊಣಕಾಲು ಮುಚ್ಚಿರಬೇಕು. ಇದಕ್ಕೆಂದು ಬೇರೆ ಪ್ಯಾಂಟು ಹೊರುವುದಕ್ಕಿಂತ ಕೆಳಭಾಗಕ್ಕೆ ಉದ್ದದ ತೆಳು ನೈಲಾನ್ ಒಂದನ್ನೇ ಇಟ್ಟುಕೊಂಡರೆ ಸೊಳ್ಳೆಗೂ ಬಿಸಿಲಿಗೂ ಅದೇ ಆಯಿತು.

ಏಳು ಕೆಜಿಯೊಳಗೆ ಡೌನ್ ಮತ್ತು ಫ್ಲೀಸ್ ಎರಡನ್ನೂ ಕೂರಿಸುವ ಕ್ರಮವೊಂದಿದೆ, ಅದನ್ನು ಸದ್ಯಕ್ಕೆ ನನ್ನ ತಂಡದವರಿಗಷ್ಟೇ ಬಿಟ್ಟುಕೊಟ್ಟಿದ್ದೇನೆ. ಒಂದು ಮಾತ್ರ ಎಲ್ಲರಿಗೂ ಹೇಳುತ್ತೇನೆ: ಬೆವರು ಎಳೆಯುವ ಬಟ್ಟೆಗೆ ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕಬೇಡಿ. ನೂಲಿನ ಮೇಲೆ ಪದರ ಕೂತು ಹೀರುವ ಗುಣವೇ ಹೋಗುತ್ತದೆ, ಆಮೇಲೆ ಬಟ್ಟೆ ಕೆಟ್ಟದ್ದು ಎಂದು ಬೈಯುತ್ತಾರೆ. ಮಳೆ ಜಾಕೆಟ್ ಮೇಲೆ ನೀರು ಹನಿಗಟ್ಟದೆ ಹರಡತೊಡಗಿದರೆ ಎಸೆಯಬೇಡಿ. ಲೇಬಲ್ಲಿನಲ್ಲಿ ಡ್ರೈಯರ್ ಆಗಬಹುದು ಎಂದಿದ್ದರೆ ಒಗೆದು ಕಡಿಮೆ ಶಾಖದಲ್ಲಿ ಇಪ್ಪತ್ತು ನಿಮಿಷ ತಿರುಗಿಸಿ, ಹೆಚ್ಚಿನ ಸಲ ನೀರನ್ನು ಹನಿಗಟ್ಟಿಸುವ ಹೊರಲೇಪ ಮತ್ತೆ ಎಚ್ಚರಗೊಳ್ಳುತ್ತದೆ.

ಈ ಲೆಕ್ಕಕ್ಕೆ ಇನ್ನೂ ಪೂರ್ತಿ ಸಿಗದಿರುವುದು ಶೂ. ವಾಟರ್‌ಪ್ರೂಫ್ ಶೂ ಒಳಗೆ ನೀರು ಹೋದರೆ ತೇವದ ಊರಿನಲ್ಲಿ ಎರಡು ದಿನವಾದರೂ ಆರುವುದಿಲ್ಲ. ಡ್ಯೂ ಪಾಯಿಂಟ್ ಇಪ್ಪತ್ತೊಂದು ದಾಟಿದಲ್ಲಿಗೆ ಈಗ ಜಾಲರಿ ಶೂ ಹೇಳುತ್ತಿದ್ದೇನೆ. ತೊಯ್ದರೆ ಇನ್‌ಸೋಲ್ (ಒಳ ಅಟ್ಟೆ) ಕಿತ್ತು, ಒಳಗೆ ಪತ್ರಿಕೆ ತುರುಕಿ, ಒಂದು ಗಂಟೆಯಾದ ಮೇಲೆ ಆ ಕಾಗದ ಬದಲಿಸಿ. ಬದಲಿಸದೆ ಬಿಟ್ಟರೆ ಒದ್ದೆ ಕಾಗದವೇ ರಾತ್ರಿಯಿಡೀ ತೇವ ಹಿಡಿದಿಟ್ಟುಕೊಳ್ಳುತ್ತದೆ.