ವೇಗದ ಬೌಲರ್‌ನನ್ನು ಅಳೆಯುವ ಮೊದಲು ಅವರ ಕೆಲಸ ಯಾವುದೆಂದು ನೋಡಿ

2025ರ ಆಗಸ್ಟ್ 3ರ ಭಾನುವಾರ ಬಾಗಲಕೋಟೆ ನವನಗರದ ಚಹಾದಂಗಡಿಯೊಂದರಲ್ಲಿ ಟಿವಿಯ ಮುಂದೆ ನಿಂತವರೆಲ್ಲ ಭಾರತದ ವೇಗದ ಬೌಲರ್ ಮೊಹಮ್ಮದ್ ಸಿರಾಜ್ ಅವರನ್ನು ಬೈಯುತ್ತಿದ್ದರು. ಲಂಡನ್ನಿನ ಓವಲ್ ಟೆಸ್ಟಿನಲ್ಲಿ 19 ರನ್ ಗಳಿಸಿದ್ದ ಇಂಗ್ಲೆಂಡಿನ ಹ್ಯಾರಿ ಬ್ರೂಕ್ ಅವರ ಕ್ಯಾಚ್ ಹಿಡಿದೂ ಅವರು ಬೌಂಡರಿ ಗೆರೆಯನ್ನು ತುಳಿದಿದ್ದರು. ಬ್ರೂಕ್ 111 ಹೊಡೆದರು. ಮರುದಿನ ಇಂಗ್ಲೆಂಡಿಗೆ 35 ರನ್ ಬೇಕಿದ್ದಾಗ ಉಳಿದ ನಾಲ್ಕು ವಿಕೆಟ್‌ಗಳಲ್ಲಿ ಮೂರನ್ನು ಅದೇ ಸಿರಾಜ್ ಕಿತ್ತು ಭಾರತ 6 ರನ್ನಿನಿಂದ ಗೆದ್ದಾಗ ಅದೇ ಅಂಗಡಿಯಲ್ಲಿ ಚಹಾ ಪುಕ್ಕಟೆಯಾಯಿತು. 80 ಓವರ್ ದಾಟಿ ಹೊಸ ಚೆಂಡು ಸಿಗುತ್ತಿದ್ದರೂ ನಾಯಕ ಹಳೆಯ ಚೆಂಡನ್ನೇ ಏಕೆ ಉಳಿಸಿಕೊಂಡರು ಎಂದು ಮಾತ್ರ ಯಾರೂ ಕೇಳಲಿಲ್ಲ. ಮೋಡ ಕವಿದ ಆ ದಿನ ಹಳೆಯ ಚೆಂಡು ಇನ್ನೂ ಸ್ವಿಂಗ್ ಆಗುತ್ತಿತ್ತು, ಅಂದರೆ ಗಾಳಿಯಲ್ಲಿ ಬಾಗುತ್ತಿತ್ತು. ಬೌಲರ್‌ಗಳನ್ನು ಅಳೆಯುವ ಕೆಲಸ ಇಂಥ ಪ್ರಶ್ನೆಯಿಂದಲೇ ಶುರುವಾಗಬೇಕು.

ಮೊದಲು ಪಾತ್ರವನ್ನು ಗುರುತಿಸಿ. ಚೆಂಡು ಎಷ್ಟು ಓವರ್ ಹಳೆಯದಾದಾಗ ಅವರ ಕೈಗೆ ಬಂತು, ಕೀಪರ್ ಪಕ್ಕದ ಸ್ಲಿಪ್‌ನಲ್ಲಿ ಕ್ಯಾಚಿಗಾಗಿ ಎಷ್ಟು ಜನ ನಿಂತಿದ್ದಾರೆ, ಇನ್ನೊಂದು ತುದಿಯಿಂದ ಎಸೆಯುತ್ತಿರುವವರು ಯಾರು ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರೆ ಸಾಕು. ಹೊಸ ಚೆಂಡಿನ ಬೌಲರ್ ಬ್ಯಾಟರ್‌ನನ್ನು ಮುಂಗಾಲಿಗೆ ಎಳೆಯಬೇಕಾಗುತ್ತದೆ. ಆ ಯತ್ನದಲ್ಲಿ ಕವರ್ಸ್ ಕಡೆಗೆ ಎರಡು ಬೌಂಡರಿ ಹೋದರೆ ಅದನ್ನು ತಪ್ಪೆಂದು ಎಣಿಸಬಾರದು. ಮಧ್ಯಾಹ್ನದ ಬಿಸಿಲಿನಲ್ಲಿ 45 ಓವರ್ ಹಳೆಯ ಚೆಂಡನ್ನು ಹಿಡಿದವರು ಅಷ್ಟೇ ರನ್ ಕೊಟ್ಟರೆ ಅದು ತಪ್ಪು, ಏಕೆಂದರೆ ಒಂದು ತುದಿಯನ್ನು ಬಿಗಿಹಿಡಿದು ಮುಖ್ಯ ಬೌಲರ್‌ಗೆ ವಿಶ್ರಾಂತಿ ಕೊಡಿಸುವುದೇ ಅವರ ಕೆಲಸ. ಸ್ಪರ್ಧೆಯಲ್ಲಿ ತೆರಬಂಡಿ ಎಳೆಯುವ ಎತ್ತನ್ನೂ ಹೊಲ ಹರಗುವ ಎತ್ತನ್ನೂ ನಮ್ಮ ರೈತರು ಒಂದೇ ಲೆಕ್ಕದಲ್ಲಿ ನೋಡುವುದಿಲ್ಲ. ಕ್ರಿಕೆಟ್ ನೋಡುವಾಗ ಮಾತ್ರ ಅದನ್ನು ಮರೆಯುತ್ತೇವೆ.

ಫಾರ್ಮ್ ಅಳೆಯುವಾಗ ವಿಕೆಟ್ ಸಂಖ್ಯೆಯನ್ನು ಕೊನೆಗೆ ನೋಡಿ. ಬ್ಯಾಟಿನ ಅಂಚನ್ನು ಎಷ್ಟು ಸಲ ತಪ್ಪಿಸಿದರು, ಓವರಿನ ಆರು ಎಸೆತಗಳಲ್ಲಿ ಎಷ್ಟು ಒಂದೇ ಜಾಗಕ್ಕೆ ಬಿದ್ದವು, ಸಿಕ್ಕ ವಿಕೆಟ್ ಸ್ಲಿಪ್ ಕ್ಯಾಚೋ ಅಥವಾ ಬಾಲಂಗೋಚಿಗಳು ಬೀಸಿ ಕಳೆದುಕೊಂಡದ್ದೋ ಎಂಬುದು ಹೆಚ್ಚು ಹೇಳುತ್ತದೆ. ಪಂದ್ಯದ ಫಲಿತಾಂಶವನ್ನಂತೂ ಪಕ್ಕಕ್ಕಿಡಬೇಕು: 1999ರಲ್ಲಿ ಕೋಲ್ಕತ್ತದಲ್ಲಿ ಪಾಕಿಸ್ತಾನದ ವಿರುದ್ಧ ನಮ್ಮ ಜಾವಗಲ್ ಶ್ರೀನಾಥ್ 13 ವಿಕೆಟ್ ಪಡೆದರೂ ಭಾರತ ಸೋತಿತ್ತು.

ಎಸೆದ ಓವರ್‌ಗಳ ಲೆಕ್ಕವನ್ನು ನಾವು ಬಹುತೇಕ ಮರೆಯುತ್ತೇವೆ, ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ಮುಖ್ಯ. 2024-25ರ ಆಸ್ಟ್ರೇಲಿಯಾ ಸರಣಿಯಲ್ಲಿ ಜಸ್‌ಪ್ರೀತ್ ಬುಮ್ರಾ 13.06ರ ಸರಾಸರಿಯಲ್ಲಿ, ಅಂದರೆ ಒಂದು ವಿಕೆಟ್‌ಗೆ ಸುಮಾರು 13 ರನ್ ಮಾತ್ರ ಕೊಟ್ಟು, 32 ವಿಕೆಟ್ ಪಡೆದರು. ಅದಕ್ಕಿಂತ ಉತ್ತಮ ಫಾರ್ಮ್ ಇರಲಾರದು. ಆದರೆ ಬೆನ್ನುನೋವಿನಿಂದ ಸಿಡ್ನಿಯ ಎರಡನೇ ಇನ್ನಿಂಗ್ಸಿನಲ್ಲಿ ಅವರು ಒಂದು ಎಸೆತವನ್ನೂ ಹಾಕಲಾಗಲಿಲ್ಲ. 2025ರ ಇಂಗ್ಲೆಂಡ್ ಸರಣಿಯಲ್ಲಿ ಸಿರಾಜ್ ಅವರ ಸರಾಸರಿ 32 ದಾಟಿತ್ತು. ಸ್ಕೋರ್‌ಕಾರ್ಡ್ ಮಾತ್ರ ನೋಡಿದವರು ಅದನ್ನು ಸಾಧಾರಣ ಎನ್ನುತ್ತಾರೆ. ಐದೂ ಟೆಸ್ಟ್ ಆಡಿದ ಭಾರತದ ಏಕೈಕ ವೇಗದ ಬೌಲರ್ ಆಗಿ 185.3 ಓವರ್ ಹಾಕಿ 23 ವಿಕೆಟ್ ತಂದರು ಎಂಬುದನ್ನು ಪಕ್ಕದಲ್ಲಿ ಬರೆದರೆ ಅದೇ ಸರಾಸರಿ ಬೇರೆಯಾಗಿ ಕಾಣುತ್ತದೆ.

ಪಿಚ್ಚಿನ ಮಣ್ಣನ್ನೂ ಗಮನಿಸಿ. ವಿಜಯಪುರದ ಎರೆ ಹೊಲಕ್ಕೂ ಮಸಾರಿ ಹೊಲಕ್ಕೂ ಇರುವ ವ್ಯತ್ಯಾಸವನ್ನು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಿಲ್ಲ: ಕಪ್ಪು ಮಣ್ಣಿನ ಪಿಚ್ಚಿನಲ್ಲಿ ಚೆಂಡು ಸಾಮಾನ್ಯವಾಗಿ ತಗ್ಗಾಗಿ, ನಿಧಾನವಾಗಿ ಬರುತ್ತದೆ, ಕೆಂಪು ಮಣ್ಣಿನಲ್ಲಿ ಪುಟಿಯುತ್ತದೆ.

ಬೆಳಗಾವಿಯ ಆಟೋನಗರದ ಮೈದಾನದಲ್ಲಿ ರಣಜಿ ಪಂದ್ಯ ನಡೆದಾಗ ಇದನ್ನೆಲ್ಲ ಕಣ್ಣಾರೆ ಅಭ್ಯಾಸ ಮಾಡಬಹುದು. ಬೌಲರ್‌ನ ತೋಳಿನ ನೇರಕ್ಕೆ ಕುಳಿತರೆ ಚೆಂಡು ಎತ್ತ ತಿರುಗುತ್ತದೆಂದು ಕಾಣುತ್ತದೆ. ಪಿಚ್ಚಿನ ಬದಿಗೆ ಕುಳಿತರೆ ಲೆಂತ್, ಅಂದರೆ ಚೆಂಡು ಬ್ಯಾಟರ್‌ನಿಂದ ಎಷ್ಟು ದೂರದಲ್ಲಿ ಬಿತ್ತೆಂಬುದು, ತಿಳಿಯುತ್ತದೆ. ಬೆಳಿಗ್ಗೆ ವಿಕೆಟ್ ಕೀಪರ್ ಎಲ್ಲಿ ನಿಂತಿದ್ದರೆಂದು ಬದಿಯ ಯಾವುದಾದರೂ ಜಾಹೀರಾತು ಫಲಕದ ಗುರುತು ಇಟ್ಟುಕೊಳ್ಳಿ. ಅದೇ ಬೌಲರ್ ಚಹಾ ವಿರಾಮದ ನಂತರ ಮೂರನೇ ಸ್ಪೆಲ್‌ಗೆ (ಬೌಲಿಂಗ್ ಸರದಿಗೆ) ಬಂದಾಗ ಕೀಪರ್ ಎರಡು ಹೆಜ್ಜೆ ಮುಂದೆ ಬಂದಿದ್ದರೆ, ಸ್ಪೀಡ್‌ಗನ್ ಇಲ್ಲದೆಯೂ ವೇಗ ಇಳಿದಿದೆಯೆಂದು ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆಯಬಹುದು.