ಮ್ಯಾಲಮ್ ಸುತ್ತನ್ನು ಮೂರು ತುಂಡು ಮಾಡಿ ಮಕ್ಕಳನ್ನು ನಡೆಸಿದ್ದು

ಇಂಗ್ಲೆಂಡಿನ ಯಾರ್ಕ್‌ಶೈರ್ ಕಡೆ ಇರುವ ನಮ್ಮವರಿಗೆ ಮ್ಯಾಲಮ್ ಅನ್ನುವ ಹಳ್ಳಿ ಹೊಸದಲ್ಲ. ಊರಿನಿಂದ ಹೊರಟು ಜಾನೆಟ್ಸ್ ಫಾಸ್ ಜಲಪಾತ, ಗೋರ್ಡೇಲ್ ಸ್ಕಾರ್ ಅನ್ನುವ ಕಮರಿ, ಮ್ಯಾಲಮ್ ಕೋವ್ ಅನ್ನುವ ಬಂಡೆ ಗೋಡೆ ನೋಡಿಕೊಂಡು ಮತ್ತೆ ಊರಿಗೆ ಬಂದರೆ ಸುಮಾರು 8 ಕಿಲೋಮೀಟರ್. ದೊಡ್ಡವರಿಗೆ ಮೂರು ಗಂಟೆ ಸಾಕು. ಅದೇ ಸುತ್ತನ್ನು ಕಳೆದ ಮೇ ತಿಂಗಳಲ್ಲಿ ನನ್ನ ನಾಲ್ಕು ವರ್ಷದ ಮಗ, ಏಳು ವರ್ಷದ ಮಗಳು, ಸಾಗರದಿಂದ ಬಂದಿದ್ದ 68 ವರ್ಷದ ಅಮ್ಮ ಎಲ್ಲರೂ ಪೂರ್ತಿ ನಡೆದರು. ಒಬ್ಬರೂ ಅಳಲಿಲ್ಲ, ಯಾರನ್ನೂ ಎತ್ತಿಕೊಳ್ಳಲಿಲ್ಲ. ಆರು ಗಂಟೆ ಹಿಡಿಯಿತು. ಅದಕ್ಕೆ ಮುಂಚೆ ಎರಡೂವರೆ ವರ್ಷ ತಯಾರಿ ನಡೆದಿತ್ತು.

ಮೊದಲ ಸಲ ಹೋಗಿದ್ದು 2021ರ ನವೆಂಬರ್ ಮೊದಲ ವಾರ, ಎರಡು ಕುಟುಂಬ ಸೇರಿ. ಲೀಡ್ಸ್‌ನಿಂದ ಹೊರಡುವಾಗಲೇ ಹನ್ನೊಂದು. ಅಲ್ಲಿ ನಡೆಯಲು ಶುರು ಮಾಡಿದ್ದು ಹನ್ನೆರಡೂವರೆಗೆ. ಚಳಿಗಾಲಕ್ಕೆ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಹಾಗೆ ತಿರುಗಿಸಿ ಒಂದು ವಾರವಾಗಿತ್ತು. ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ ಅನ್ನುವುದು ಯಾರ ತಲೆಗೂ ಹೋಗಲಿಲ್ಲ. ಎಲ್ಲರೂ ಫೋಟೋದಲ್ಲಿ ನೋಡಿದ್ದು ಕೋವ್, ಹಾಗಾಗಿ ಮೊದಲು ಅಲ್ಲಿಗೇ. ಪಕ್ಕದಲ್ಲಿ ಸುಮಾರು 400 ಮೆಟ್ಟಿಲು. ಮಕ್ಕಳ ಕಾಲು ಅಲ್ಲೇ ಮುಗಿಯಿತು.

ಮೇಲೆ ಹೋದರೆ ಸುಣ್ಣದ ಕಲ್ಲಿನ ಹಾಸು. ನೆಲಕ್ಕೆ ಚಪ್ಪಡಿ ಹಾಸಿ ನಡುನಡುವೆ ಸಂದು ಬಿಟ್ಟ ಹಾಗಿದೆ. ಕೆಲವು ಸಂದು ನನ್ನ ಮೊಣಕಾಲಿನಷ್ಟು ಆಳ, ಒಳಗೆ ಜರಿಗಿಡ. ಸಾವಿರಾರು ಕಾಲು ಉಜ್ಜಿ ಕಲ್ಲು ನುಣುಪಾಗಿದೆ. ಅವತ್ತು ತುಂತುರು ಮಳೆ ಬೇರೆ. ಮಗಳ ಕಾಲು ಸಂದಿನೊಳಗೆ ಜಾರಿ ಮೊಣಕಾಲು ತರಚಿತು. ದೊಡ್ಡ ಗಾಯ ಅಲ್ಲ, ಆದರೆ ಅವಳು ಹೆದರಿಬಿಟ್ಟಳು. ಮುಂದೆ ಹೋಗದೆ ಅದೇ ಮೆಟ್ಟಿಲಲ್ಲಿ ಮೊಬೈಲ್ ಟಾರ್ಚ್ ಹಿಡಿದು ಇಳಿದೆವು. ಮನೆಗೆ ಬಂದು ಹೆಂಡತಿ "ಇನ್ನು ಮೇಲೆ ಪಾರ್ಕ್ ಸಾಕು" ಅಂದಳು.

ಎರಡನೇ ತಪ್ಪು ದುಡ್ಡಿನದ್ದು. ಮಗನಿಗೆ ಅಂತ ದಪ್ಪ ಚಕ್ರದ ತಳ್ಳುಗಾಡಿ ತೆಗೆದುಕೊಂಡೆ, ಸುಮಾರು 280 ಪೌಂಡ್. ಕಲ್ಲುದಾರಿಯಲ್ಲಿ ಚೆನ್ನಾಗಿಯೇ ಓಡಿತು. ಆದರೆ ಒಬ್ಬೊಬ್ಬರೇ ನುಸುಳುವ ಕಿಸ್ಸಿಂಗ್ ಗೇಟಿನಲ್ಲಿ ಸಿಕ್ಕಿಕೊಂಡಿತು. ಮಗುವನ್ನು ಇಳಿಸು, ಗಾಡಿ ಮಡಚು, ಬೇಲಿ ಮೇಲಿಂದ ದಾಟಿಸು, ಮತ್ತೆ ಬಿಡಿಸು. ಮೂರನೇ ಗೇಟಿಗೆ ಸಾಕಾಯಿತು. ಕೊನೆಗೆ 120ಕ್ಕೆ ಮಾರಿ, ಬೆನ್ನಿಗೆ ಹಾಕಿಕೊಳ್ಳುವ ಹಳೆಯ ಕ್ಯಾರಿಯರ್ ಒಂದನ್ನು 45 ಪೌಂಡ್‌ಗೆ ತಂದೆ. ಅದು ಎರಡು ವರ್ಷ ಬಂತು. ಆಮೇಲೆ ಬೇರೆಯವರಿಗೆ ಸುಮ್ನೆ ಕೊಟ್ಟೆ.

ಗಾಡಿಯನ್ನು ಕೆಡಿಸಿದ ಆ ಗೇಟುಗಳೇ ಆಮೇಲೆ ನನ್ನ ಕೈ ಹಿಡಿದವು.

ಒಂದು ಸಲ ಮಗಳು ನಡೆಯಲಾರೆ ಅಂತ ಕೂತಿದ್ದಳು. ಮುಂದಿನ ಗೇಟನ್ನು ನೀನೇ ತೆಗಿ, ಎಲ್ಲರೂ ದಾಟಿದ ಮೇಲೆ ನೀನೇ ಚಿಲಕ ಹಾಕು ಅಂದೆ. ಎದ್ದು ಓಡಿದಳು. ಕಬ್ಬಿಣದ ಚಿಲಕ ಟಕ್ ಅಂತ ಕೂತ ಮೇಲೆ ಒಂದು ಸಲ ಎಳೆದು ನೋಡಿದಳು, ತಿರುಗಿ ನನ್ನ ಕಡೆ ನೋಡಿದಳು. ಆ ಮುಖ ನೋಡಿ ನನಗೆ ದಾರಿ ಸಿಕ್ಕಿತು. ಮೈಲಿ ಲೆಕ್ಕ ಮಕ್ಕಳಿಗೆ ಅರ್ಥವಾಗುವುದಿಲ್ಲ, ಗೇಟಿನ ಲೆಕ್ಕ ಅರ್ಥವಾಗುತ್ತದೆ. ಅವತ್ತಿನಿಂದ ನಮ್ಮಲ್ಲಿ ಗೇಟಿಗೊಬ್ಬ ಯಜಮಾನ. ಹೊರಡುವ ಮುಂಚೆಯೇ ಹಂಚಿಕೆ ಮಾಡುತ್ತೇವೆ. ತೆರೆದಿದ್ದ ಗೇಟು ತೆರೆದೇ ಇರಬೇಕು, ಮುಚ್ಚಿದ್ದು ಮುಚ್ಚಿಯೇ ಇರಬೇಕು. ಈ ನಿಯಮ ಹೇಳಿಕೊಟ್ಟರೆ ಮಕ್ಕಳು ನಮಗಿಂತ ಕಟ್ಟುನಿಟ್ಟು.

ಇನ್ನೊಂದು ಬದಲಾವಣೆ, ಸುತ್ತನ್ನೇ ಕೈಬಿಟ್ಟಿದ್ದು. ಮೂರು ತುಂಡು ಮಾಡಿದೆ. ಊರಿನಿಂದ ಜಾನೆಟ್ಸ್ ಫಾಸ್‌ಗೆ ಹೋಗಿ ವಾಪಸ್, ಒಂದು. ಅಲ್ಲಿಂದ ಮುಂದೆ ಗೋರ್ಡೇಲ್‌ವರೆಗೆ, ಎರಡು. ಊರಿನಿಂದ ಕೋವ್‌ನ ಬುಡಕ್ಕೆ ಮಾತ್ರ, ಮೆಟ್ಟಿಲ ತಂಟೆ ಇಲ್ಲ, ಅದು ಮೂರು. ಹೋದ ದಾರಿಯಲ್ಲೇ ವಾಪಸ್. ನಾನು ಕರೆದಾಗ ನಮ್ಮ ಗುಂಪಿನಲ್ಲಿ ಒಬ್ಬರು "ಅಷ್ಟು ದೂರ ಕಾರು ಓಡಿಸ್ಕೊಂಡು ಹೋಗಿ ಒಂದು ಮೈಲಿ ನಡ್ದು ವಾಪಸ್ ಬರೋದಾ? ಅದಕ್ಕೆ ಪಾರ್ಕಿಂಗ್ ದುಡ್ಡು ದಂಡ" ಅಂದಿದ್ದರು. ಮೊದಲ ವರ್ಷ ನಮ್ಮ ಜೊತೆ ಬಂದದ್ದು ಒಂದೇ ಕುಟುಂಬ.

ಆದರೆ ಬಂದ ದಾರಿಯಲ್ಲೇ ತಿರುಗಿ ಹೋಗುವುದು ಮಕ್ಕಳಿಗೆ ಬೇಜಾರಲ್ಲ. ಮುಂದೆ ಏನು ಬರುತ್ತದೆ ಅಂತ ಗೊತ್ತಿರುವುದರಿಂದ ಇನ್ನೂ ಜೋರಾಗಿ ನಡೆಯುತ್ತಾರೆ. "ಇನ್ನೆಷ್ಟು ದೂರ" ಅನ್ನುವ ಪ್ರಶ್ನೆಯೇ ಇಲ್ಲ. ನನ್ನ ಲೆಕ್ಕ ಇಷ್ಟು: ನಾಲ್ಕು ವರ್ಷದ ಮಗು ನಿಂತು, ಕೂತು, ಕಲ್ಲು ಹೆಕ್ಕಿ ಎಲ್ಲ ಸೇರಿ ಗಂಟೆಗೆ ಒಂದು ಮೈಲಿ. ಅದಕ್ಕಿಂತ ಜಾಸ್ತಿ ಹಾಕಿಕೊಂಡ ದಿನವೆಲ್ಲ ಕೆಟ್ಟಿದೆ.

ಮೂರು ತುಂಡಿನಲ್ಲಿ ಮಕ್ಕಳಿಗೆ ಹಿಡಿಸಿದ್ದು ಮೊದಲನೆಯದು. ಏಪ್ರಿಲ್ ಕೊನೆಯಿಂದ ಮೇವರೆಗೆ ಜಲಪಾತದ ಹತ್ತಿರದ ಕಾಡಿನ ನೆಲವೆಲ್ಲ ಕಾಡು ಬೆಳ್ಳುಳ್ಳಿ. ಬಿಳಿ ಹೂವು, ಅಗಲ ಎಲೆ. ಮಗ ಮೂಗು ಎಳೆದು "ಅಜ್ಜಿ ಒಗ್ಗರಣೆ" ಅಂದ. ಅದರ ಚಟ್ನಿ ಮಾಡಿ ನೋಡಿದ್ದೂ ಆಯಿತು. ಕಾಡಿನಿಂದ ಕೀಳಲಿಲ್ಲ, ಗೆಳೆಯರೊಬ್ಬರ ಹಿತ್ತಲಲ್ಲಿ ಬೆಳೆದಿತ್ತು. ಕಾಯಿ ಜೊತೆ ರುಬ್ಬಿದರೆ ಘಾಟು ಜಾಸ್ತಿ, ಹುರಿಗಡಲೆ ಜೊತೆ ಚೆನ್ನ.

ದಾರಿ ಬದಿಯಲ್ಲಿ ಬಿದ್ದ ಮರದ ದಿಮ್ಮಿಗಳಿವೆ. ಜನ ಅದಕ್ಕೆ ನಾಣ್ಯ ಬಡಿದಿದ್ದಾರೆ. ಸಾಲುಸಾಲಾಗಿ, ಅಂಚು ಬಾಗಿ, ಕೆಲವು ಹಸಿರು ಹಿಡಿದು. ಕೈ ಸವರಿದರೆ ದೊಡ್ಡ ಮೀನಿನ ಪರೆಯ ಹಾಗೆ. ಮಗಳು ಕಣ್ಣು ಮುಚ್ಚಿಕೊಂಡು ಅದರ ಮೇಲೆ ಬೆರಳು ಆಡಿಸುತ್ತಾ ಹತ್ತು ನಿಮಿಷ ನಿಂತಿದ್ದಳು. ಜಲಪಾತ ಎತ್ತರವೇನಲ್ಲ. ಜೋಗದ ಪಕ್ಕದವರಿಗೆ ಇದು ತೊರೆ. ಆದರೆ ಅದರ ಹಿಂದಿನ ಗುಹೆಯಲ್ಲಿ ಯಕ್ಷಿಣಿಯರ ರಾಣಿ ಜಾನೆಟ್ ಇದ್ದಾಳೆ ಅನ್ನುವ ಕತೆ ಇದೆ. ಮುಂಚೆ ಉಣ್ಣೆ ಕತ್ತರಿಸುವ ಮೊದಲು ಕುರಿಗಳನ್ನು ಈ ಮಡುವಿನಲ್ಲೇ ತೊಳೆಯುತ್ತಿದ್ದರು. ಈ ಎರಡು ಕತೆ ಹೇಳಿದರೆ ಅರ್ಧ ಗಂಟೆ ಕಳೆಯುತ್ತದೆ.

ಗೋರ್ಡೇಲ್‌ನಲ್ಲಿ ಬಂಡೆ ಎರಡೂ ಕಡೆಯಿಂದ ತಲೆಯ ಮೇಲೆ ಬಾಗಿಕೊಂಡ ಹಾಗಿದೆ. ಅಲ್ಲಿವರೆಗೆ ದಾರಿ ಸಮತಟ್ಟು. ಅಲ್ಲಿನ ಜಲಪಾತದ ಪಕ್ಕದಲ್ಲಿ ಬಂಡೆ ಹತ್ತಿ ಹೋಗುವವರು ಕಾಣುತ್ತಾರೆ. ನಾನೂ ಒಂದು ಸಲ ಮಗಳನ್ನು ಮುಂದೆ ಬಿಟ್ಟು ನಾಲ್ಕಡಿ ಹತ್ತಿಸಿ, ಇಳಿಸಲು ಗೊತ್ತಾಗದೆ ಬೆವರಿದ್ದೇನೆ. ಚಿಕ್ಕ ಮಕ್ಕಳಿದ್ದರೆ ಅದು ಬೇಡವೇ ಬೇಡ.

ಕೋವ್ ಸುಮಾರು 80 ಮೀಟರ್ ಎತ್ತರದ ಬಂಡೆ ಗೋಡೆ. ಅದರ ಬುಡದಿಂದ ತೊರೆ ಹೊರಡುತ್ತದೆ. ಮೇಲೆ ಮ್ಯಾಲಮ್ ಟಾರ್ನ್ ಅನ್ನುವ ಕೆರೆಯಿಂದ ಹರಿಯುವ ನೀರು ಸ್ವಲ್ಪ ದೂರದಲ್ಲೇ ನೆಲದೊಳಗೆ ಇಳಿದುಬಿಡುತ್ತದೆ. ಅದೇ ಇಲ್ಲಿ ಬರುತ್ತದೆ ಅಂತ ನೋಡಿದವರೆಲ್ಲ ಅಂದುಕೊಳ್ಳುತ್ತಾರೆ. ಆದರೆ ಬಣ್ಣ ಬೆರೆಸಿ ನೋಡಿದಾಗ ಆ ನೀರು ಊರಿನಿಂದ ಕೆಳಗೆ ಏರ್ ಹೆಡ್ ಅನ್ನುವ ಬುಗ್ಗೆಯಲ್ಲಿ ಮೇಲೆ ಬಂದಿದೆ. ಇದು ಬೇರೆ ನೀರು. ಕೊನೆಗೆ ಎಲ್ಲವೂ ಏರ್ ನದಿ ಸೇರಿ ನಮ್ಮ ಲೀಡ್ಸ್ ನಡುವೆ ಹರಿಯುತ್ತವೆ. ಇದನ್ನು ಹೇಳಿದ ಮೇಲೆ ಮಕ್ಕಳು ಎಲೆ ತೇಲಿಬಿಟ್ಟು ಅದರ ಜೊತೆ ಓಡಿದರು. ನಾವು ಊರು ಮುಟ್ಟುವ ಮುಂಚೆ ಎಲೆ ಮುಟ್ಟುತ್ತದಾ ಅಂತ ನಾಲ್ಕು ಸಲ ನೋಡಿದ್ದೇವೆ. ಪ್ರತಿ ಸಲವೂ ಎಲೆ ಎಲ್ಲೋ ಬೇರಿಗೆ ಸಿಕ್ಕಿಕೊಂಡಿದೆ. 2015ರ ಡಿಸೆಂಬರ್‌ನಲ್ಲಿ ಡೆಸ್ಮಂಡ್ ಬಿರುಗಾಳಿಯ ಮಳೆಗೆ ಈ ಗೋಡೆಯ ನೆತ್ತಿಯಿಂದಲೇ ನೀರು ಧುಮುಕಿತ್ತು. ನಾನು ನೋಡಿದ್ದರೆ ಅಂತ ಈಗಲೂ ಅನ್ನಿಸುತ್ತದೆ.

ಊಟದ ವಿಷಯ. ಮೊದಲು ಪಬ್ಬಿನಲ್ಲಿ ತಿಂದು ನಾಲ್ಕು ಜನಕ್ಕೆ 70 ಪೌಂಡ್ ಹತ್ತಿರ ಹೋಗಿತ್ತು, ಅದರಲ್ಲಿ ಮಕ್ಕಳದ್ದು ಅರ್ಧ ಉಳಿಯಿತು. ಚಿತ್ರಾನ್ನ ಒಯ್ದರೆ ಚಳಿಗೆ ಅಗುಳು ಗಟ್ಟಿಯಾಗುತ್ತದೆ. ಚಪಾತಿಗೆ ಪಲ್ಯ ಸುತ್ತಿ ಒಯ್ಯುವುದು ಒಳ್ಳೆಯದು. ಎಲ್ಲಕ್ಕಿಂತ ಗೆದ್ದದ್ದು ಫ್ಲಾಸ್ಕಿನಲ್ಲಿ ಮೆಣಸಿನ ಸಾರು. ಈಗ ಪೆಟ್ರೋಲು, ಪಾರ್ಕಿಂಗು, ಐಸ್‌ಕ್ರೀಮು ಎಲ್ಲ ಸೇರಿ 30 ಪೌಂಡ್ ಒಳಗೆ ಒಂದು ದಿನ. ಕೊನೆಯ ಒಂದು ಕಿಲೋಮೀಟರಿಗೆ ನನ್ನ ಜೇಬಿನಿಂದ ಬರುವುದು ಏನು ಅಂತ ನನ್ನ ಮಕ್ಕಳಿಗೇ ಗೊತ್ತಿಲ್ಲ, ಹಾಗಾಗಿ ಇಲ್ಲೂ ಬರೆಯುವುದಿಲ್ಲ.

ಅಮ್ಮನ ಜೊತೆ ನಡೆದದ್ದು ಬೇರೆಯೇ ಅನುಭವ. ಕಲ್ಲಿನ ಪಾಗಾರ ಹತ್ತಿ ದಾಟಲು ಚಾಚಿದ ಮೆಟ್ಟಿಲು ಕಂಡು "ಇದು ನಮ್ಮ ತಡಮೆ ಅಲ್ವಾ" ಅಂದರು. ನಾನು ಎಷ್ಟೋ ವರ್ಷ ಅದಕ್ಕೆ ಕನ್ನಡ ಪದವೇ ಇಲ್ಲ ಅಂದುಕೊಂಡಿದ್ದೆ. ಮಕ್ಕಳು ಈಗ ತಡಮೆ ಅಂತಲೇ ಹೇಳುತ್ತಾರೆ. ಹಸುಗಳ ವಿಷಯದಲ್ಲಿ ಮಾತ್ರ ಕಷ್ಟವಾಯಿತು. ಕರು ಕಂಡು ಮುಟ್ಟಿ ನಮಸ್ಕಾರ ಮಾಡಲು ಹೊರಟರು.

"ಅಮ್ಮಾ, ಹತ್ರ ಹೋಗ್ಬೇಡ."

"ಹಸು ಕಣೋ, ಏನ್ ಮಾಡತ್ತೆ?"

ಅಷ್ಟರಲ್ಲಿ ತಾಯಿ ಹಸು ಮೇಯುವುದು ಬಿಟ್ಟು ತಲೆ ಎತ್ತಿ ಎರಡು ಹೆಜ್ಜೆ ಮುಂದೆ ಇಟ್ಟಿತು. ಅಮ್ಮನಿಗೆ ಆ ನೋಟ ಅರ್ಥವಾಯಿತು, ತಾವೇ ಹಿಂದೆ ಸರಿದರು. ಕರು ಇರುವ ಹಿಂಡು ಕಂಡರೆ ಗದ್ದೆಯ ಅಂಚು ಹಿಡಿದು ದೂರದಿಂದ ಹೋಗಿ. ಇಲ್ಲಿ ನಡೆಯುವವರು ಹಸು ತುಳಿದು ಸತ್ತದ್ದೂ ಇದೆ.

ಉಣುಗಿನ ವಿಷಯ ಅಮ್ಮನಿಗೆ ಹೇಳಬೇಕಾಗಲಿಲ್ಲ. ಮಂಗನ ಕಾಯಿಲೆ ಕಂಡ ಸೀಮೆಯವರು. ಇಲ್ಲಿಯ ಉಣುಗಿನಿಂದ ಲೈಮ್ ಕಾಯಿಲೆ ಬರುತ್ತದೆ. ಮನೆಗೆ ಬಂದ ಕೂಡಲೇ ಮಕ್ಕಳ ಮೊಣಕಾಲಿನ ಹಿಂಭಾಗ, ಕಂಕುಳು, ಕಿವಿಯ ಹಿಂದೆ ಎಲ್ಲ ಅವರೇ ನೋಡಿದರು.

ಪೂರ್ತಿ ಸುತ್ತಿಗೆ ಮಳೆ ಇಲ್ಲದ ದಿನವೇ ಆರಿಸಿದ್ದೆ. ಒಂಬತ್ತೂವರೆಗೆ ಊರಿನಲ್ಲಿದ್ದೆವು, ತಡವಾದರೆ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ. ಈ ಸಲ ಕೋವ್ ಕೊನೆಗೆ, ಮೆಟ್ಟಿಲು ಇಳಿಯುವುದಕ್ಕೆ. ಕಲ್ಲು ಹಾಸಿನ ಮೇಲೆ ಮಗಳು ಅಜ್ಜಿಯ ಕೈ ಹಿಡಿದು, ಎಲ್ಲಿ ಕಾಲಿಡಬೇಕು ಅಂತ ತಾನೇ ತೋರಿಸುತ್ತಾ ದಾಟಿಸಿದಳು. ಅವಳ ಕಾಲು ಜಾರಿದ್ದು ಅದೇ ಹಾಸಿನ ಮೇಲೆ.

ಪಾರ್ಕಿಂಗ್ ದುಡ್ಡು ದಂಡ ಅಂದಿದ್ದವರು ಜೂನ್‌ನಲ್ಲಿ ಫೋನ್ ಮಾಡಿದ್ದರು. ಅವರ ಚಿಕ್ಕವನಿಗೆ ಈಗ ಮೂರು ವರ್ಷ. ಜಾನೆಟ್ಸ್ ಫಾಸ್‌ವರೆಗೆ ಗೇಟು ಎಷ್ಟು ಅಂತ ಕೇಳಿದರು. ಮಗನನ್ನೇ ಕೇಳಿ ಅಂತ ಫೋನ್ ಅವನ ಕೈಗೆ ಕೊಟ್ಟೆ.